ಪಿಂಟ್ಯಾನ ಜೋಡಿ

ನೀಲಕಂಠಪ್ಪ ಕಮಡೊಳ್ಳಿ ಮೂವತ್ತೊಂದು ವರ್ಷ ಮೊಟ್ಟೆ ಒಡೆದ. ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವನು ಅಟೆಂಡರ್. ಪ್ರಾಕ್ಟಿಕಲ್ ದಿನಗಳು ಹತ್ತಿರ ಬಂದರೆ ಕೋಳಿ ಫಾರ್ಮಿಗೆ ಹೋಗಿ ಮರಿ ಮಾಡುವ ಮೊಟ್ಟೆ ತರಬೇಕು, ಪೆಟ್ಟಿಗೆಯಂಥ ಇನ್‌ಕ್ಯುಬೇಟರಿನಲ್ಲಿ ಕಾವಿಗೆ ಇಡಬೇಕು, ಒಂದೊಂದರ ಮೇಲೂ ಪೆನ್ಸಿಲ್ಲಿನಿಂದ ಹೊತ್ತು ಬರೆಯಬೇಕು. ಮೂವತ್ತಮೂರು ಗಂಟೆಯದು, ನಲವತ್ತೆಂಟರದು, ಎಪ್ಪತ್ತೆರಡರದು. ಹೊತ್ತು ತುಂಬಿದ ಮೊಟ್ಟೆಯನ್ನು ಬೆಚ್ಚಗಿನ ಉಪ್ಪುನೀರಿನ ಬಟ್ಟಲಲ್ಲಿ ಒಡೆದು ವಿದ್ಯಾರ್ಥಿಗಳ ಮುಂದಿಡಬೇಕು. ಹಳದಿಯ ಮೇಲೆ ಕೆಂಪು ನೂಲು ಹರಡಿರುತ್ತಿತ್ತು, ನಡುವೆ ಸಾಸಿವೆ ಕಾಳಿನಷ್ಟು ಗುಂಡಿಗೆ ಮಿಡಿಯುತ್ತಿತ್ತು. ಅದನ್ನು ನೋಡಿ ಹುಡುಗರು ಚಿತ್ರ ಬರೆಯುತ್ತಿದ್ದರು.

ಕಾಲೇಜಿನಲ್ಲಿ ಅವನಿಗೆ ತತ್ತಿ ನೀಲಕಂಠಪ್ಪ ಎಂದೇ ಹೆಸರು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಹೆಂಡತಿ ಹೊಳೆವ್ವನದು. ಅವಳ ತವರಿನಲ್ಲಿ ತತ್ತಿ ಎಂಬ ಮಾತೂ ಅಡುಗೆ ಮನೆಗೆ ಬಂದದ್ದಿಲ್ಲ. ಪ್ರಾಕ್ಟಿಕಲ್ ಇದ್ದ ದಿನ ಗಂಡ ಹಿತ್ತಲ ಬಾಗಿಲಿನಿಂದ ಬಂದು, ಎರಡು ಚರಿಗೆ ನೀರು ತಲೆಗೆ ಸುರಿದುಕೊಂಡೇ ಒಳಗೆ ಕಾಲಿಡಬೇಕು. ಮೂವತ್ತೊಂದು ವರ್ಷ ಅವನು ಅದನ್ನೂ ತಪ್ಪದೆ ಮಾಡಿದ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಮಹೆಕ ಎಂಬ ವಿದ್ಯಾರ್ಥಿನಿ ಬಟ್ಟಲು ಹಿಡಿದುಕೊಂಡು ಅವನ ಮೇಜಿನ ಹತ್ತಿರ ಬಂದಳು.

"ಅಂಕಲ್, ಇದು ಇನ್ನಾ ಬಡಕೊಳ್ಳಾಕತ್ತೈತ್ರಿ. ಈಗ ಏನ್ ಮಾಡೂದ್ರಿ?"

"ಚಿತ್ರ ತಗೀ ಯವ್ವಾ. ಮಾರ್ಕ್ಸ್ ಅದಕ್ಕ ಅದಾವ."

"ಚಿತ್ರ ತಗದೇನ್ರಿ. ಆಮ್ಯಾಲ?"

ಆಮೇಲಿನದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಅದು ನಲ್ಲಿಯ ಕೆಳಗಿನ ತೊಟ್ಟಿಗೆ ಹೋಗುತ್ತಿತ್ತು. ನೀಲಕಂಠಪ್ಪ ಅವಳ ಕೈಯಿಂದ ಬಟ್ಟಲು ಇಸಿದುಕೊಂಡ. ಆ ದಿನ ಎರಡರ ಬದಲು ನಾಲ್ಕು ಚರಿಗೆ ನೀರು ಸುರಿದುಕೊಂಡ. ಹೊಳೆವ್ವ ಕೇಳಿದರೆ ಸೆಕೆ ಅಂದ.

ಅದು ಅವನ ಮನಸ್ಸಿನಿಂದ ಹೋಗಲಿಲ್ಲ. ನಿವೃತ್ತನಾಗಿ ಬೈರಿದೇವರಕೊಪ್ಪದ ತನ್ನ ಎರಡು ಕೋಣೆಯ ಮನೆಯಲ್ಲಿ ಕೂತ ಮೇಲಂತೂ ಲೆಕ್ಕ ಹಾಕುವ ಚಟ ಹತ್ತಿತು. ವರ್ಷಕ್ಕೆ ನೂರೈವತ್ತು ಹಿಡಿದರೂ ಎಷ್ಟಾಯಿತು? ಒಂದಾದರೂ ಮರಿಯಾಗಿ ಹೊರಗೆ ಬಂದದ್ದನ್ನು ತಾನು ನೋಡಿದ್ದುಂಟೇ? ಇಲ್ಲ. ಇಪ್ಪತ್ತೊಂದು ದಿನ ತುಂಬುವ ತನಕ ಯಾವ ಮೊಟ್ಟೆಯನ್ನೂ ಅವನು ಬಿಟ್ಟಿರಲಿಲ್ಲ.

ಪಿಂಟ್ಯಾ ಸಿಕ್ಕಿದ್ದು ಆ ದಿನಗಳಲ್ಲೇ. ಹಳೇ ಹುಬ್ಬಳ್ಳಿಯಲ್ಲಿ ಅಯಾಜನ ಹಕ್ಕಿ ಅಂಗಡಿ. ನೀಲಕಂಠಪ್ಪ ಪೇಟೆಗೆ ಹೋದಾಗಲೆಲ್ಲ ಅಲ್ಲಿ ನಿಂತು ನೋಡುವುದಿತ್ತು. ಒಂದು ದಿನ ಮೂಲೆಯ ಡಬ್ಬಿಯಲ್ಲಿ ಹತ್ತು ದಿನದ ಮರಿಯೊಂದು ಕುತ್ತಿಗೆ ಚೆಲ್ಲಿ ಬಿದ್ದಿತ್ತು. ತಾಯಿ ತಂದೆ ಎರಡೂ ಕುಟುಕಿ ಗೂಡಿನಿಂದ ಹೊರಗೆ ತಳ್ಳಿದ್ದವು.

"ಉಳಿಯೂದಿಲ್ರಿ ಕಾಕಾ, ಸಂಜಿತನಾ ಅಷ್ಟ" ಅಂದ ಅಯಾಜ.

"ಕೊಡು ಇಲ್ಲೆ" ಅಂದ ನೀಲಕಂಠಪ್ಪ.

ಕಾವು ಕೊಡುವುದು ಅವನಿಗೆ ಹೇಳಿಕೊಡಬೇಕೆ? ಚಪ್ಪಲಿ ಡಬ್ಬಿ, ನಲವತ್ತು ವಾಟಿನ ಬಲ್ಬು, ಒಂದು ಥರ್ಮಾಮೀಟರ್. ಸೂಜಿ ತೆಗೆದ ಸಿರಿಂಜಿನಲ್ಲಿ ಬೆಚ್ಚಗಿನ ಗಂಜಿ. ಮೂರು ವಾರ ಅವನು ಊರು ಬಿಟ್ಟು ಹೋಗಲಿಲ್ಲ, ಮದುವೆ ಮುಂಜಿ ಯಾವುದಕ್ಕೂ ಹೋಗಲಿಲ್ಲ. ಮರಿಗೆ ಬೂದು ಬಣ್ಣದ ಗರಿ ಬಂತು, ತಲೆಯ ಮೇಲೆ ಜುಟ್ಟು ಎದ್ದಿತು, ಕ್ರಮೇಣ ಮುಖ ಹಳದಿಯಾಗಿ ಕೆನ್ನೆಯ ಮೇಲೆ ಕುಂಕುಮ ಇಟ್ಟಂತೆ ಕಿತ್ತಳೆ ಬೊಟ್ಟು ಮೂಡಿತು. ಕಾಕಟೀಲ್ ಎಂಬ ಗಿಳಿ ಜಾತಿಯ ಗಂಡು. ಹೊಳೆವ್ವ ಅದಕ್ಕೆ ಪಿಂಟ್ಯಾ ಎಂದು ಹೆಸರಿಟ್ಟಳು. ಅದು ನೀಲಕಂಠಪ್ಪನ ಹೆಗಲ ಮೇಲೆ ಕೂತು ಪೇಪರು ಹರಿಯಿತು, ಅವನ ತಾಟಿನ ಅಂಚಿನ ಮೇಲೆ ಕೂತು ಅನ್ನ ತಿಂದಿತು. ಅವನು ಹೊರಗೆ ಹೋದರೆ ಕಿರುಚಿತು, ಬಂದರೆ ಸೀಟಿ ಹೊಡೆದು ಹಾಡಿತು.

ಎರಡು ವರ್ಷ ಹೀಗೆ ಕಳೆಯಿತು. ಇದಕ್ಕೊಂದು ಜೋಡಿ ಮಾಡಿದರೆ ಹೇಗೆ ಎಂದು ಅವನಿಗೆ ಆಮೇಲೆ ಅನ್ನಿಸಿತು. ಅನ್ನಿಸಿದ್ದಷ್ಟೇ ಅಲ್ಲ, ಅದೇ ಹಿಡಿಯಿತು. ತನ್ನ ಮನೆಯಲ್ಲಿ ಒಂದು ಮೊಟ್ಟೆ ಪೂರ್ತಿ ದಿನ ಕಳೆಯಬೇಕು, ಒಳಗಿನ ಮರಿಯೇ ಅದನ್ನು ಒಡೆಯಬೇಕು. ಹೊಳೆವ್ವನಿಗೆ ಮಾತ್ರ ಇದನ್ನು ಹೇಳಿದ. ಅವಳು "ಹೂಂ, ಮಾಡ್ರಿ" ಅಂದಳು.

ಅಯಾಜ ಒಂದು ಬೂದು ಹೆಣ್ಣು ಕೊಟ್ಟ. ಅದಕ್ಕೆ ಗಂಗಿ ಎಂದು ಹೆಸರಾಯಿತು. ಪ್ಲೈವುಡ್ಡಿನ ಗೂಡಿನ ಪೆಟ್ಟಿಗೆ ಕಟ್ಟಿ, ಬಡಿಗನ ಹತ್ತಿರದ ಮರದ ಹೊಟ್ಟು ಹಾಕಿ, ದೊಡ್ಡ ಪಂಜರದಲ್ಲಿ ಎರಡನ್ನೂ ಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಗಂಗಿ ಐದು ಮೊಟ್ಟೆ ಇಟ್ಟಿತು. ನೀಲಕಂಠಪ್ಪ ಅಂದು ಪೇಢೆ ಹಂಚಿದ. ಏಳನೆಯ ದಿನ ಕೋಣೆಯ ಕಿಟಕಿ ಮುಚ್ಚಿ, ಒಂದೊಂದನ್ನೇ ಟಾರ್ಚಿನ ಬೆಳಕಿಗೆ ಹಿಡಿದ. ಜೀವ ಹಿಡಿದ ಮೊಟ್ಟೆಯಲ್ಲಿ ಅಷ್ಟು ಹೊತ್ತಿಗೆ ಕೆಂಪು ನರ ಕಾಣಬೇಕು. ಐದೂ ಹಳದಿ ಬಲ್ಬಿನ ಹಾಗೆ ಬರಿದೆ ಬೆಳಗಿದವು.

ಮೊದಲನೆಯ ಸಲ ಹಾಗಾಗುವುದುಂಟು ಎಂದು ಅಯಾಜ ಹೇಳಿದ. ಎರಡನೆಯ ಸಲವೂ ಹಾಗೇ ಆಯಿತು.

ನೀಲಕಂಠಪ್ಪ ಒಂದು ನೂರು ಪುಟದ ನೋಟ್‌ಬುಕ್ ತೆಗೆದ. ಲ್ಯಾಬಿನಲ್ಲಿ ಬರೆಸುತ್ತಿದ್ದ ಹಾಗೆ ಉದ್ದೇಶ, ವಿಧಾನ, ಫಲಿತಾಂಶ ಎಂದು ಗೆರೆ ಹೊಡೆದ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ ಎಂದು ಪ್ರೊಫೆಸರರು ಹೇಳುತ್ತಿದ್ದದ್ದು ಅವನ ಕಿವಿಯಲ್ಲಿತ್ತು. ಎರಡೂ ಹೆಣ್ಣೇ ಇರಬಹುದೆ? ಪಿಂಟ್ಯಾ ಹಾಡುತ್ತಿತ್ತು, ಮುಖ ಅಚ್ಚ ಹಳದಿ. ಗಂಡೇ. ಕೂರುವ ಕೋಲು ಅಲುಗಾಡುತ್ತಿದೆಯೆ? ಕೋಲು ಅಲುಗಿದರೆ ಹಕ್ಕಿಗಳು ಕೂಡುವಾಗ ಜಾರುತ್ತವೆ. ನುಣುಪಾದ ಕೋಲು ತೆಗೆದು ಬೇವಿನ ಟೊಂಗೆ ತಂದು ತಂತಿಯಲ್ಲಿ ಬಿಗಿದ. ಆಹಾರ? ಬರೀ ಸೂರ್ಯಕಾಂತಿ ಬೀಜ ತಿಂದರೆ ಕೊಬ್ಬು ಬರುತ್ತದೆಂದು ನವಣೆ, ಮೊಳಕೆ ಹೆಸರು, ಮೆಂತ್ಯ ಸೊಪ್ಪು ಶುರು ಮಾಡಿದ. ಬೇಯಿಸಿದ ಕೋಳಿಮೊಟ್ಟೆ ಕೊಡಬೇಕೆಂದು ಅಯಾಜ ಹೇಳಿದ್ದಕ್ಕೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬಿಯಲ್ಲಿ ಕುದಿಸಿದ. ಹೊಳೆವ್ವ ಆ ಕಡೆ ಮುಖ ಮಾಡಿ ಪಾತ್ರೆ ತಿಕ್ಕುತ್ತ ಕೂತಳು.

ಮೂರನೆಯ ಸಲ ಆರು ಮೊಟ್ಟೆ. ಆರೂ ಬರಿದು. ಬರಿದು ಎಂದು ಗೊತ್ತಾದ ಕೂಡಲೇ ಅವನು ಅವನ್ನು ತೆಗೆದುಬಿಡುತ್ತಿದ್ದ. ತೆಗೆದರೆ ಬೇಗ ಮತ್ತೊಮ್ಮೆ ಇಡುತ್ತದೆ, ಮತ್ತೊಂದು ಪ್ರಯೋಗಕ್ಕೆ ದಾರಿಯಾಗುತ್ತದೆ ಎಂಬುದು ಅವನ ಲೆಕ್ಕ. ಗಂಗಿ ಎರಡೇ ವಾರದಲ್ಲಿ ಮತ್ತೆ ಪೆಟ್ಟಿಗೆ ಸೇರಿತು.

ಆಗ ಡಿಸೆಂಬರಿನ ಚಳಿ. ಒಂದು ಬೆಳಿಗ್ಗೆ ಗಂಗಿ ಪಂಜರದ ತಳದಲ್ಲಿ ಹತ್ತಿಯ ಉಂಡೆಯ ಹಾಗೆ ಮೈ ಉಬ್ಬಿಸಿ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಉಸಿರಿಗೊಮ್ಮೆ ಬಾಲ ಏರಿ ಇಳಿಯುತ್ತಿತ್ತು. ನೀಲಕಂಠಪ್ಪ ಹೊಟ್ಟೆಯ ಕೆಳಗೆ ಬೆರಳಿಟ್ಟು ನೋಡಿದ. ಮೊಟ್ಟೆ ಸಿಕ್ಕಿಕೊಂಡಿತ್ತು. ಬಲ್ಬಿನ ಕಾವು ಕೊಟ್ಟ, ಬಿಸಿನೀರಿನ ಹಬೆ ಕೊಟ್ಟ, ಒಂದು ಹನಿ ಎಣ್ಣೆ ಹಚ್ಚಿದ. ಆಗಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಚಿಗರಿ ಬಸ್ಸು ಹತ್ತಿದ. ವಿದ್ಯಾನಗರದ ದವಾಖಾನೆಗೆ ಇನ್ನೆರಡು ನಿಲ್ದಾಣ ಇರುವಾಗ ಗಂಗಿಯ ಕಾಲು ಚಾಚಿದವು. ಅವನು ಇಳಿಯದೆ ಹಾಗೇ ಕೂತ. ಬಸ್ಸು ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಡ್ರೈವರ್ ಬಂದು "ಯಜಮಾನ್ರ, ಇಳೀರಿ" ಎಂದು ಹೇಳಬೇಕಾಯಿತು.

ಸತ್ತ ಹಕ್ಕಿ ಹಿಡಿದುಕೊಂಡೇ ಅವನು ದವಾಖಾನೆಗೆ ಹೋದ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ.

"ಎಷ್ಟ ಸಲ ತತ್ತಿ ಇಟ್ಟಿತ್ರಿ?"

"ಇದು ನಾಕನೇದ್ದು."

"ಎಷ್ಟ ತಿಂಗಳದಾಗ?"

"ಐದು."

"ತತ್ತಿ ತಗದ್ರ ಮತ್ತ ಇಡ್ತಾವ್ರಿ. ಮೈಯಾಗಿನ ಸುಣ್ಣ ಎಲ್ಲಾ ಅದಕ್ಕ ಹೊಕ್ಕೈತಿ. ಬರಿದಿದ್ರೂ ಹಂಗ ಬಿಡಬೇಕಾಗಿತ್ತು. ಕುಂತು ಕುಂತು ತಾನ ಬಿಡ್ತಿತ್ತು, ಅಷ್ಟ ದಿವಸ ವಿಶ್ರಾಂತಿ ಆಕ್ಕಿತ್ತು."

ಮನೆಗೆ ಬಂದು ನೀಲಕಂಠಪ್ಪ ನೋಟ್‌ಬುಕ್ ತೆಗೆದು ಫಲಿತಾಂಶದ ಕಾಲಮ್ಮಿನಲ್ಲಿ ಗಂಗಿ ಎಂದಷ್ಟೇ ಬರೆದ. ಹರಿದು ಒಗೆಯಬೇಕೆಂದುಕೊಂಡ. ಹರಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು ಎಂದು ಹೊಳೆವ್ವ ಮುಂದೆ ಹಲವು ಸಲ ಹೇಳಿದಳು. ಆದರೆ ಗಂಗಿ ಸತ್ತ ಮೇಲೆ ನಿಲ್ಲಿಸುವುದು ಅವನಿಂದ ಆಗಲಿಲ್ಲ. ಈಗ ನಿಲ್ಲಿಸಿದರೆ ಅದು ಸತ್ತದ್ದು ಯಾತಕ್ಕೆ? ನಾಲ್ಕು ತಿಂಗಳು ಸುಮ್ಮನಿದ್ದು ಬಿಳಿ ಮುಖದ ಇನ್ನೊಂದು ಹೆಣ್ಣು ತಂದ. ಅದು ಈ ಮೊದಲು ಅಯಾಜನ ಹತ್ತಿರ ಮೂರು ಸಲ ಮರಿ ಮಾಡಿದ ಹೆಣ್ಣು. ಅದರಲ್ಲಿ ದೋಷವಿರಲು ಸಾಧ್ಯವಿರಲಿಲ್ಲ.

"ಇದಕ್ಕ ಹೆಸರ ಇಡಬ್ಯಾಡ್ರಿ" ಅಂದಳು ಹೊಳೆವ್ವ.

ಹೆಸರಿಡಲಿಲ್ಲ. ಈ ಸಲ ಬರಿದು ಮೊಟ್ಟೆಗಳನ್ನು ತೆಗೆಯಲೂ ಇಲ್ಲ. ಪಂಜರವನ್ನು ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಕೇಳದ ಗೋಡೆಗೆ ಸರಿಸಿದ. ಬೆಳಗಿನ ಬಿಸಿಲು ಬೀಳುವ ಹಾಗೆ ಹೆಂಚು ತೆಗೆದು ಗಾಜು ಕೂರಿಸಿದ. ಕೂಡುವಾಗ ಅಡ್ಡ ಬರಬಾರದೆಂದು ಎರಡೂ ಹಕ್ಕಿಯ ಬಾಲದ ಕೆಳಗಿನ ದಟ್ಟ ಗರಿಗಳನ್ನು ಸಣ್ಣ ಕತ್ತರಿಯಿಂದ ಓರಣ ಮಾಡಿದ. ಗೂಡಿಗೆ ಬೇವಿನ ಎಲೆ ಹಾಕಿ ಹೇನು ಓಡಿಸಿದ. ಇಡೀ ದಿನ ಪಂಜರದ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಎರಡೂ ಹತ್ತಿರ ಬರುತ್ತವೆಯೇ ಎಂದು ಕಾದ. ಸಿದ್ಧಾರೂಢ ಮಠಕ್ಕೆ ಹೋಗಿ ಹರಕೆ ಹೊತ್ತ. ಏನೆಂದು ಬೇಡುವುದು? ಮೊಟ್ಟೆಯ ಕೆಲಸದವನು ದೇವರ ಮುಂದೆ ನಿಂತು ಮೊಟ್ಟೆ ಬೇಡಿದರೆ ಹೇಗೆ ಕಾಣುತ್ತದೆ ಎಂದು ನಾಚಿಕೆಯಾಗಿ, ಕೈ ಮುಗಿದಷ್ಟೇ ಬಂದ.

ಅವನು ಇಳಿದು ಹೋದ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ನವಲೂರಿನಲ್ಲಿದ್ದ ಮಗಳು ಮೊಮ್ಮಗನ ಜಾವಳದ ಕೂದಲು ತೆಗೆಸುವ ಕಾರ್ಯಕ್ಕೆ ಕರೆದರೆ, ಹಕ್ಕಿ ಮೊಟ್ಟೆಯ ಮೇಲಿದೆ ಎಂದು ಹೋಗಲಿಲ್ಲ. ಮಗಳು ಎಂಟು ದಿನ ಫೋನು ಮಾಡಲಿಲ್ಲ. "ಇದ ಜಲ್ಮದ್ದ ಪಾಪ ಇದು, ಎಲ್ಲಾ ಎಣಿಸಿ ತೀರಿಸಾಕತ್ತೈತಿ" ಎಂದು ಒಮ್ಮೆ ಹೆಂಡತಿಯ ಎದುರು ಅಂದ. ಏನು ಎಣಿಸುತ್ತಿದೆ, ಯಾರು ತೀರಿಸುತ್ತಿದ್ದಾರೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಬಿಳಿ ಮುಖದ ಹೆಣ್ಣು ಮೂರನೆಯ ಸಲ ಇಟ್ಟ ಮೊಟ್ಟೆಗಳನ್ನು ಇಪ್ಪತ್ತೈದು ದಿನ ಕಾದು, ಕೊನೆಗೆ ತಾನೇ ಬಿಟ್ಟು ಹೊರಗೆ ಬಂತು. ನೀಲಕಂಠಪ್ಪ ಐದನ್ನೂ ಬಟ್ಟಲಿಗೆ ಹಾಕಿಕೊಂಡು ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕೂತ. ಬೆಳಕಿಗೆ ಹಿಡಿದದ್ದು ಸುಳ್ಳಾಗಿರಲೂಬಹುದು, ಒಡೆದೇ ನೋಡಬೇಕು ಎಂದುಕೊಂಡ. ಮೊದಲನೆಯದನ್ನು ಒಡೆದ. ನೀರಾದ ಹಳದಿ. ಎರಡನೆಯದನ್ನು ಕೈಗೆ ತೆಗೆದುಕೊಂಡವನಿಗೆ ಮುಂದೆ ಕೈ ಏಳಲಿಲ್ಲ. ಎಷ್ಟೋ ಸಾವಿರ ಸಲ ಮಾಡಿದ ಕೆಲಸ. ಹೆಬ್ಬೆರಳು ಎಲ್ಲಿಡಬೇಕು, ಎಷ್ಟು ಒತ್ತಬೇಕು ಎಂದು ಕೈಗೆ ಗೊತ್ತಿತ್ತು. ಆದರೂ ಅವನು ಮೊಟ್ಟೆ ಹಿಡಿದುಕೊಂಡು ಹಾಗೇ ಕೂತಿದ್ದ.

ಹೊಳೆವ್ವ ಒಣಗಿದ ಬಟ್ಟೆ ತೆಗೆಯಲು ಬಂದವಳು ನೋಡಿದಳು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಅವನ ಕೈಯಿಂದ ಮೊಟ್ಟೆ ತೆಗೆದುಕೊಂಡಳು. ಬಟ್ಟಲನ್ನೂ ತೆಗೆದುಕೊಂಡಳು. ಕರಿಬೇವಿನ ಗಿಡದ ಬುಡದಲ್ಲಿ ಕಳೆ ತೆಗೆಯುವ ಕುರ್ಚಿಗೆಯಿಂದ ಮಣ್ಣು ತೋಡಿ ಎಲ್ಲವನ್ನೂ ಇಟ್ಟು ಮುಚ್ಚಿದಳು. ಅವಳು ಜೀವಮಾನದಲ್ಲಿ ಮೊಟ್ಟೆ ಮುಟ್ಟಿದ್ದು ಅದೇ ಮೊದಲು. ಕೈ ತೊಳೆದುಕೊಂಡು ಬಂದು ಹೇಳಿದಳು:

"ನಾಳಿಗೆ ಅಯಾಜನ ಕಡೆ ಹೋಗ್ರಿ. ಅವಂಗ ತಿಳೀಲಿಲ್ಲಂದ್ರ ತಿಳದಾವ್ರ ಯಾರದಾರ ಕೇಳ್ಕೊಂಡ ಬರ್ರಿ. ಇಲ್ಲಂದ್ರ ಎರಡೂ ಅವಂಗ ಕೊಟ್ಟ ಬರ್ರಿ. ನಿಮ್ಮನ್ನ ಹಿಂಗ ನೋಡಾಕ ನನ್ನ ಕೈಲೆ ಆಗೂದಿಲ್ಲ."

ತಿಳಿದವರೆಂದು ಅಯಾಜ ಹೇಳಿದ್ದು ತನ್ನ ಅಜ್ಜಿ ಹಾಜರಾಬಿಯನ್ನು. ಎಪ್ಪತ್ತು ದಾಟಿದ ಹೆಂಗಸು, ಮದುವೆಯಾಗಿ ಬಂದ ದಿನದಿಂದ ಮಾಳಿಗೆಯ ಮೇಲೆ ಹಕ್ಕಿ ಸಾಕಿದವಳು. ಈಗ ಕಣ್ಣು ಮಂಜಾಗಿದ್ದವು. ಮೊಮ್ಮಗನ ಗಾಡಿಯ ಹಿಂದೆ ಕೂತು ಅವಳು ಬೈರಿದೇವರಕೊಪ್ಪಕ್ಕೆ ಬಂದಳು. ನೀಲಕಂಠಪ್ಪ ನೋಟ್‌ಬುಕ್ ಮುಂದೆ ಹಿಡಿದ. ಅವಳು ಅದನ್ನು ನೋಡಲಿಲ್ಲ.

"ಹಗಲೊತ್ತು ಗಂಡು ತತ್ತಿ ಮ್ಯಾಲ ಕುಂದರತೈತೇನ್ರಿ?" ಅಂದಳು.

"ಇಲ್ರಿ. ಅದು ಭಾಳ ಮೈಗಳ್ಳ."

"ಹೆಣ್ಣಿಗಿ ತುತ್ತು ಕೊಡ್ತೈತೇನು?"

"ನಾ ನೋಡಿಲ್ರಿ."

"ನೀವು ಒಂದ ತಾಸ ಹೊರಗ ಹೋಗಿ ಬರ್ರಿ."

ನೀಲಕಂಠಪ್ಪ ರಸ್ತೆಯ ಮೂಲೆಯ ಚಹಾದ ಅಂಗಡಿಯಲ್ಲಿ ಕೂತು ಬಂದ. ಹಾಜರಾಬಿ ಮಂಜುಗಣ್ಣಿನವಳಾದರೂ ಕಿವಿ ಚುರುಕು; ಕಣ್ಣಿಗೆ ಕಾಣದ್ದನ್ನು ಅಯಾಜ ನೋಡಿ ಹೇಳಿದ್ದ. ಅವನು ಇಲ್ಲದಿದ್ದಾಗ ಪಿಂಟ್ಯಾ ಬಾಗಿಲ ಕಡೆಯ ಮೂಲೆಗೆ ಅಂಟಿಕೊಂಡು ಕರೆಯುತ್ತಲೇ ಇತ್ತಂತೆ. ಬಿಳಿ ಮುಖದ ಹೆಣ್ಣು ಪಕ್ಕಕ್ಕೆ ಬಂದು ತಲೆ ಬಾಗಿಸಿದರೆ ಕುಟುಕಿ ಓಡಿಸಿತಂತೆ. ಈಗ ಅವನು ಬಾಗಿಲಲ್ಲಿ ಕಾಣುತ್ತಲೇ ಜುಟ್ಟು ಎತ್ತಿ ಹಾಡಲು ಶುರು ಮಾಡಿತು.

"ಕೈ ಒಳಗ ಹಾಕ್ರಿ" ಅಂದಳು ಹಾಜರಾಬಿ.

ಅವನು ಕೈ ಹಾಕಿದ. ಪಿಂಟ್ಯಾ ಮಣಿಕಟ್ಟಿನ ಮೇಲೆ ಹತ್ತಿ, ರೆಕ್ಕೆಗಳನ್ನು ಮೈಯಿಂದ ಅಷ್ಟಗಲ ಎತ್ತಿ, ಸೀಟಿ ಹೊಡೆಯುತ್ತ, ಬಾಲವನ್ನು ಅವನ ಕೈಗೆ ತಿಕ್ಕತೊಡಗಿತು. ದಿನಕ್ಕೆ ಹತ್ತು ಸಲ ಅದು ಮಾಡುತ್ತಿದ್ದದ್ದೇ. ಪ್ರೀತಿ ಎಂದು ಅವನು ತಿಳಿದಿದ್ದ.

"ನೀಲಕಂಠಪ್ಪಾರ, ತಪ್ಪ ತಿಳ್ಕೋಬ್ಯಾಡ್ರಿ. ಇದಕ್ಕ ಜೋಡಿ ಐತಿ. ಇದರ ಜೋಡಿ ನೀವು."

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ನಕ್ಕುಬಿಟ್ಟಳು. ಗಂಡನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಹತ್ತ ದಿವಸದ ಕೂಸಿದ್ದಾಗಿಂದ ತುತ್ತು ಹಾಕೇನ್ರಿ ಇದಕ್ಕ" ಅಂದ ನೀಲಕಂಠಪ್ಪ.

"ಅದಕ್ಕ ಮತ್ತ. ಕಣ್ಣ ತೆರದಾಗ ನಿಮ್ಮನ್ನ ನೋಡೈತಿ. ತಾನೂ ಮನಷ್ಯಾ ಅಂತ ತಿಳದೈತಿ. ಹಕ್ಕಿ ಹೆಣ್ಣು ಯಾಕ ಬೇಕು ಅದಕ್ಕ?"

"ನಾ ಇಡೀ ದಿವಸ ಇದರ ಮುಂದ ಕುಂತ ಕಾದೇನ್ರಿ, ಯಾವಾಗ ಕೂಡ್ತಾವೋ ಅಂತ."

"ನೀವು ಕುಂತದ್ದಕ್ಕ ಕೂಡಲಿಲ್ಲ."

ಅವನು ಕೈ ಹೊರಗೆ ತೆಗೆದ. ಪಿಂಟ್ಯಾ ಸರಳುಗಳ ಮೇಲೆ ಹತ್ತಿ ಅವನ ಹಿಂದೆಯೇ ಬರಲು ನೋಡಿತು. ಕೋಲು, ಕಾಳು, ಬಿಸಿಲು, ಗಿರಣಿ, ಗರಿ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದ್ದ. ಪಂಜರದ ಮುಂದೆ ಕುರ್ಚಿಯಲ್ಲಿ ಕೂತವನೊಬ್ಬನನ್ನು ಬಿಟ್ಟಿದ್ದ. ಗಂಗಿಯ ಸಾವೂ ತನ್ನ ಲೆಕ್ಕಕ್ಕೇ ಬಂತು ಎಂದು ಹೊಳೆದಾಗ ಅವನು ಆ ಕುರ್ಚಿಯನ್ನು ಎತ್ತಿ ಪಕ್ಕದ ಕೋಣೆಗೆ ಒಯ್ದಿಟ್ಟ.

ಮನೆಯಲ್ಲೇ ದೂರ ಇರುವ ಉಪಾಯ ಎರಡು ವಾರವೂ ನಡೆಯಲಿಲ್ಲ. ಪಂಜರಕ್ಕೆ ಹೊದಿಕೆ ಹೊದಿಸಿ, ಹೊಳೆವ್ವನೇ ಕಾಳು ನೀರು ಹಾಕಿದಳು. ನೀಲಕಂಠಪ್ಪ ಪಕ್ಕದ ಕೋಣೆಯಲ್ಲಿ ಮಾತಿಲ್ಲದೆ ಇದ್ದ, ಕೈಸನ್ನೆಯಿಂದ ಚಹಾ ಕೇಳಿದ. ಆದರೆ ಅವನ ಹೆಜ್ಜೆಯ ಸಪ್ಪಳವೂ ಪಿಂಟ್ಯಾನಿಗೆ ಗೊತ್ತಿತ್ತು. ಹೊದಿಕೆಯೊಳಗಿಂದ ಅದು ಕರೆಯುವುದು, ಇವನು ಕಿವಿ ಮುಚ್ಚಿಕೊಳ್ಳುವುದು. ಕೊನೆಗೆ ಹಾಜರಾಬಿಯೇ ಎರಡನ್ನೂ ತನ್ನ ಮಾಳಿಗೆಗೆ ಕಳಿಸಲು ಹೇಳಿದಳು. ಅಲ್ಲಿ ಹತ್ತಾರು ಜೋಡಿ ಹಕ್ಕಿಗಳಿವೆ, ನೋಡಿ ಕಲಿಯುತ್ತದೆ ಎಂದಳು. ಒಂದು ಷರತ್ತು ಹಾಕಿದಳು: ತಾನು ಕರೆಯುವ ತನಕ ನೀಲಕಂಠಪ್ಪ ಆ ಕಡೆ ಬರಬಾರದು.

ಹದಿನೆಂಟನೆಯ ದಿನ ಅಯಾಜ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಕಳಿಸಬಾರದಾಗಿತ್ತು. ಪಿಂಟ್ಯಾ ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತುಕೊಂಡಿತ್ತು. ಗುಲಾಬಿ ಬಣ್ಣದ ಬರಿ ಚರ್ಮ ಕಾಣುತ್ತಿತ್ತು. ಕೋಲಿನ ತುದಿಯಲ್ಲಿ ಒಂದೇ ಕೂತು, ಬಾಗಿಲ ಕಡೆ ನೋಡುತ್ತಿತ್ತು.

ನೀಲಕಂಠಪ್ಪ ಚಪ್ಪಲಿ ಮೆಟ್ಟಿ ಹೊರಟ. ಹೊಳೆವ್ವ ತಡೆಯಲಿಲ್ಲ. ಹಳೇ ಹುಬ್ಬಳ್ಳಿಯ ಆ ಮನೆಯ ಮೆಟ್ಟಿಲುಗಳನ್ನು ಅರ್ಧ ಹತ್ತಿದ್ದ, ಮೇಲೆ ಹಾಜರಾಬಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೊಟ್ಟಬಿಡ್ರಿ ಅಮ್ಮಾರ. ನನಗ ಮರಿ ಬ್ಯಾಡ, ತತ್ತಿ ಬ್ಯಾಡ. ಅದು ಸಾಯ್ತೈತಿ. ಅದನ್ನೂ ಕೊಲ್ಲಾಕ ನಾ ತಯಾರಿಲ್ಲ."

"ದನಿ ಸಣ್ಣದ ಮಾಡ್ರಿ."

ತಡವಾಗಿತ್ತು. ಮೇಲಿನ ಹಕ್ಕಿಗಳ ಗದ್ದಲದ ನಡುವೆ ಒಂದು ಸೀಟಿ ಕೇಳಿತು. ಅವನು ಪೇಟೆಯಿಂದ ಬಂದಾಗ ಬಾಗಿಲಲ್ಲಿ ಕೇಳುತ್ತಿದ್ದದ್ದೇ. ಒಂದು, ಎರಡು, ಮೂರು ಸಲ. ಅವನು ಮೆಟ್ಟಿಲ ಪಕ್ಕದ ಕಟಾಂಜನದ ಕಬ್ಬಿಣ ಹಿಡಿದು ನಿಂತ.

ಹಾಜರಾಬಿ ಒಂದು ಮೆಟ್ಟಿಲು ಕೆಳಗಿಳಿದು, ಕಿವಿಯ ಹತ್ತಿರ ಬಂದು ಹೇಳಿದಳು: "ಎರಡ ದಿವಸ ತಿಂದಿದ್ದಿಲ್ಲ, ನಿನ್ನೆಯಿಂದ ತಿನ್ನಾಕತ್ತೈತಿ. ಇವತ್ತ ನೀವು ಒಳಗ ಬಂದ್ರ ಹದಿನೆಂಟ ದಿವಸದ್ದು ಎಲ್ಲಾ ಮಣ್ಣಾಗತೈತಿ. ಮನಿಗಿ ಒಯ್ದ್ರೂ ಉಳೀತೈತಿ, ಇಲ್ಲನ್ನೂದಿಲ್ಲ ನಾ. ನೀವು ಇರೂತನಾ ಛಲೋ ಇರ್ತೈತಿ. ನಿಮಗ ವಯಸ್ಸೆಷ್ಟ್ರಿ?"

"ಅರವತ್ತನಾಕು."

"ಅದಕ್ಕ ಇನ್ನಾ ಹದಿನೈದ ವರ್ಷ ಆಯುಷ್ಯ ಐತಿ. ನೀವು ಹೋದ ಮ್ಯಾಲ ಅದು ಯಾರಿಗಿ ಹಾಡಬೇಕು?"

ಸೀಟಿ ಮತ್ತೆ ಕೇಳಿತು. ನೀಲಕಂಠಪ್ಪ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸಪ್ಪಳವಾಗದಂತೆ ಮೆಟ್ಟಿಲಿಳಿದ. ಬೀದಿಗೆ ಬಂದ ಮೇಲೂ ಬಹಳ ದೂರ ಬರಿಗಾಲಲ್ಲೇ ನಡೆದ.

ಮುಂದಿನ ಮೂರು ತಿಂಗಳು ಅವನು ಯಾರನ್ನೂ ಏನೂ ಕೇಳಲಿಲ್ಲ. ಅಯಾಜನ ಫೋನು ಬಂದರೆ ಹೊಳೆವ್ವನ ಕೈಗೆ ಕೊಡುತ್ತಿದ್ದ. ಅವಳು "ಗರಿ ಬರಾಕತ್ತಾವಂತ" ಅನ್ನುವಳು, ಇನ್ನೊಂದು ದಿನ "ಇವತ್ತ ಬಿಳಿಮುಖದ್ದರ ಮಗ್ಗಲಕ ಕುಂತಿತ್ತಂತ" ಅನ್ನುವಳು. ಅವನು ಕೇಳಿಸಿಕೊಂಡು ಎದ್ದು ಹೋಗುವನು. ಮನೆಯಲ್ಲಿ ಸದ್ದೇ ಇರಲಿಲ್ಲ. ತಾಟಿನ ಅಂಚಿನಲ್ಲಿ ನಾಲ್ಕು ಅಗುಳು ಅನ್ನ ತಾನೇ ಸರಿಸಿಟ್ಟು, ಆಮೇಲೆ ನೆನಪಾಗಿ ಒಳಗೆ ಎಳೆದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಹಾಜರಾಬಿಯೇ ಕರೆದಳು. ಐದು ಮೊಟ್ಟೆಗಳು ಬಂದಿದ್ದವು, ಹಗಲು ಗಂಡೇ ಕೂರುತ್ತಿತ್ತು. ಅವಳ ಕಣ್ಣಿಗೆ ಬೆಳಕಿನಲ್ಲಿ ನರ ಕಾಣುತ್ತಿರಲಿಲ್ಲ. ಅಯಾಜ ಗಡಿಬಿಡಿಯವನು, ಬೀಳಿಸುತ್ತಾನೆ. ಕೆಳಗಿನ ಕೋಣೆಯಲ್ಲಿ ಹತ್ತಿ ಹಾಸಿದ ಬಟ್ಟಲಲ್ಲಿ ಅವನ್ನು ತಂದಿಟ್ಟರು. ನೀಲಕಂಠಪ್ಪ ನೆಲದ ಮೇಲೆ ಕೂತು ಟಾರ್ಚು ಹಚ್ಚಿದ. ಮೊದಲನೆಯದು ಬರಿದು. ಎರಡನೆಯದು ಬರಿದು. ಮೂರನೆಯದು ಬರಿದು. ಅವನು ಟಾರ್ಚು ಕೆಳಗಿಟ್ಟು ಹಣೆ ಒರೆಸಿಕೊಂಡ. ಇನ್ನು ನೋಡುವುದು ಬೇಡ ಅನ್ನಿಸಿತು.

"ನೋಡ್ರಿ, ತತ್ತಿ ತಣ್ಣಗಾಗ್ತಾವ" ಅಂದಳು ಹಾಜರಾಬಿ.

ನಾಲ್ಕನೆಯದನ್ನು ಎತ್ತಿದ. ಒಳಗೆ ಜೇಡನ ಕಾಲಿನ ಹಾಗೆ ಕೆಂಪು ಎಳೆಗಳು ಹರಡಿದ್ದವು. ನಡುವಿನ ಚುಕ್ಕೆ ಮಿಡಿಯುತ್ತಿತ್ತು. ಅವನು ಉಸಿರು ಹಿಡಿದು ನೋಡಿದ. ಅದನ್ನು ಇಟ್ಟು ಐದನೆಯದನ್ನು ಎತ್ತಿದ. ಅದರಲ್ಲೂ ಇತ್ತು.

"ಎರಡರಾಗ ಜೀವ ಐತ್ರಿ. ಒಂದು ಆರು ದಿವಸದ್ದು, ಇನ್ನೊಂದು ನಾಕು" ಅಂದ. "ಲಗೂ ಒಯ್ದ ಇಡ್ರಿ. ಲಗೂ ಒಯ್ರಿ."

ಅವುಗಳಲ್ಲಿ ಒಂದು ಚಿಪ್ಪಿನೊಳಗೇ ಸತ್ತಿತು. ಇನ್ನೊಂದು ಇಪ್ಪತ್ತನೆಯ ದಿನ ಒಡೆದು ಮರಿ ಹೊರಗೆ ಬಂತು. ಒಡೆಯುವುದನ್ನು ನೀಲಕಂಠಪ್ಪ ನೋಡಲಿಲ್ಲ. ನೋಡಲು ಹೋಗುವುದೂ ಬೇಡ ಎಂದು ಅವನೇ ಹೇಳಿದ್ದ. ಎರಡು ವಾರದ ಮೇಲೆ ಹಾಜರಾಬಿ, ಈಗ ಬಂದರೂ ಅಡ್ಡಿಯಿಲ್ಲ ಎಂದು ಹೇಳಿ ಕಳಿಸಿದಳು. ಅವನು ಮಾಳಿಗೆಯ ಬಾಗಿಲ ಹತ್ತಿರ ನಿಂತು ನೋಡಿದ. ಪಿಂಟ್ಯಾನ ಎದೆಯ ಗರಿ ಪೂರ್ತಿ ಬಂದಿದ್ದವು. ಗೂಡಿನ ತೂತಿನಲ್ಲಿ ತಲೆ ಹಾಕಿ, ಕುತ್ತಿಗೆ ಕುಣಿಸಿ ಕುಣಿಸಿ ಮರಿಗೆ ತುತ್ತು ಕೊಡುತ್ತಿತ್ತು. ತಲೆ ಹೊರಗೆ ತೆಗೆದು ಬಾಗಿಲ ಕಡೆ ನೋಡಿತು. ಜುಟ್ಟು ಎತ್ತಿತು. ನೀಲಕಂಠಪ್ಪ ಅಲುಗಲಿಲ್ಲ. ಒಂದು ಗಳಿಗೆ ಹಾಗೇ ನೋಡಿ, ಹೊಸಬರನ್ನು ಕಂಡಾಗ ಹಕ್ಕಿಗಳು ಮಾಡುವಂತೆ ಚುರುಕಾಗಿ ಒಮ್ಮೆ ಸದ್ದು ಮಾಡಿ, ಮತ್ತೆ ತೂತಿನೊಳಗೆ ತಲೆ ಹಾಕಿತು.

ಕೆಳಗೆ ಅಯಾಜ ಕಾದಿದ್ದ. "ಕಾಕಾ, ಮರಿ ಈಗ ಸರಿಯಾದ ವಯಸ್ಸಿಗೈತ್ರಿ. ತಗೊಂಡ ಹೋಗಿ ನೀವ ತುತ್ತು ಹಾಕ್ರಿ. ಅಗದೀ ಕೈಹಕ್ಕಿ ಆಕ್ಕೈತಿ, ಪಿಂಟ್ಯಾನಂಗ."

"ಬ್ಯಾಡ" ಅಂದ ನೀಲಕಂಠಪ್ಪ. "ತುತ್ತು ಹಾಕಾಕ ಅದರಪ್ಪ ಅದಾನ."

"ಮತ್ತ ಜೋಡಿನರ ಯಾವಾಗ ಒಯ್ತೀರಿ?"

"ಇಲ್ಲೇ ಇರ್ಲಿ. ಕಾಳು ತಂದ ಕೊಡತೇನಿ ನಾ."

ಅವನು ಬಸ್ಸು ಹಿಡಿದು ಮನೆಗೆ ಬಂದಾಗ ಹೊಳೆವ್ವ ರೊಟ್ಟಿ ಬಡಿಯುತ್ತಿದ್ದಳು. ಗುರುತು ಹಿಡಿಯಿತೇ ಎಂದು ಅವಳು ಕೇಳಿದಳು. ಇಲ್ಲ ಎಂದ. ಅವಳು ಬಡಿಯುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಕೈಕಾಲು ತೊಳೆದುಕೊಂಡು ಬಂದು, ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತ. ನವಲೂರಿಗೆ ಫೋನು ಹಚ್ಚಿ ಕೊಡು, ಐತವಾರ ಬರುತ್ತೇವೆಂದು ಮಗಳಿಗೆ ಹೇಳುತ್ತೇನೆ ಅಂದ. ಬಿಸಿ ರೊಟ್ಟಿ ಒಂದು ತಿಂದ, ಎರಡನೆಯದನ್ನೂ ಕೇಳಿ ಹಾಕಿಸಿಕೊಂಡ. ತಿನ್ನುತ್ತ ತಿನ್ನುತ್ತ ಅವನ ಕಣ್ಣಿನಿಂದ ನೀರು ಹರಿಯುತ್ತಿತ್ತು. ಹೊಳೆವ್ವ ಮೂರನೆಯ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.